ಕ್ಯಾರವಾನ್ ಬ್ಯಾಟರಿಗೆ ಸೋಲಾರ್: ಈಗಿರುವ ಚಾರ್ಜಿಂಗ್ ವ್ಯವಸ್ಥೆಗೆ ಹೊಂದುತ್ತದೆಯೇ?

ಯಲಹಂಕದ ಅಲೆಮಾರಿ:
ಎಲ್ಲರಿಗೂ ನಮಸ್ಕಾರ. ನಮ್ಮ ಸಣ್ಣ ಕ್ಯಾರವಾನ್ ಟ್ರೈಲರಿನಲ್ಲಿ 12 ವೋಲ್ಟಿನ, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಲೆಡ್ ಆಸಿಡ್ ಬ್ಯಾಟರಿ ಇದೆ. ಮನೆಯಲ್ಲಿರುವಾಗ 230 ವೋಲ್ಟಿನ ಚಾರ್ಜರಿನಿಂದಲೂ, ದಾರಿಯಲ್ಲಿ ಏಳು ಪಿನ್ನಿನ ಸಾಕೆಟ್ ಮೂಲಕ ಕಾರಿನ ಆಲ್ಟರ್ನೇಟರಿನಿಂದಲೂ ಅದು ಚಾರ್ಜ್ ಆಗುತ್ತದೆ. ಆದರೂ ಸಕಲೇಶಪುರದ ಕಡೆ ಹೋಗಿ ತಂಗಿದರೆ ಎರಡನೆಯ ದಿನ ಬೆಳಗಾಗುವಷ್ಟರಲ್ಲಿ ಫ್ರಿಜ್ ಕೈಕೊಡುತ್ತದೆ. ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಬೇಕೆಂದಿದ್ದೇನೆ. ಮೂರು ಕಡೆಯಿಂದ ಒಂದೇ ಬ್ಯಾಟರಿಗೆ ಚಾರ್ಜ್ ಕೊಟ್ಟರೆ ಒಂದಕ್ಕೊಂದು ಅಡ್ಡಿಯಾಗುವುದಿಲ್ಲವೇ? 330 ವ್ಯಾಟಿನ ಒಂದು ಪ್ಯಾನೆಲ್ ಸಾಕಾಗುವುದೇ? ಎಸ್.ಪಿ. ರಸ್ತೆಯ ಅಂಗಡಿಯವರೊಬ್ಬರು ಅದಕ್ಕೆ, ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಚಾರ್ಜಿಂಗ್ ನಿಯಂತ್ರಿಸಲು, ಪಿಡಬ್ಲ್ಯುಎಂ ಎಂಬ ಸರಳ ಬಗೆಯ ಕಂಟ್ರೋಲರ್ ಸಾಕು ಎನ್ನುತ್ತಾರೆ.

ಬಸವನಗುಡಿ ವೈರ್‌ಮನ್:
ಅಡ್ಡಿಯಾಗುವುದಿಲ್ಲ. ಪ್ರತಿಯೊಂದು ಚಾರ್ಜರೂ ಬ್ಯಾಟರಿಯ ಟರ್ಮಿನಲ್ಲಿನ ವೋಲ್ಟೇಜನ್ನು ನೋಡಿಕೊಂಡೇ ಕರೆಂಟು ಕೊಡುವುದರಿಂದ, ಬ್ಯಾಟರಿ ಖಾಲಿ ಇರುವಾಗ ಮೂರೂ ಸೇರಿ ತುಂಬುತ್ತವೆ. ತುಂಬುತ್ತ ಬಂದಂತೆ, ಯಾವುದರ ಮಿತಿ ಕಡಿಮೆ ಇದೆಯೋ ಅದು ಮೊದಲು ಹಿಂದೆ ಸರಿಯುತ್ತದೆ. ಸೋಲಾರ್ ಕಂಟ್ರೋಲರಿನ ತಂತಿಯನ್ನು ನೇರವಾಗಿ ಬ್ಯಾಟರಿಗೆ ತನ್ನಿ, ಹಳೆಯ ಚಾರ್ಜರಿನ ತಂತಿಗೆ ನಡುವೆ ಜೋಡಿಸಬೇಡಿ.

ಲೆಕ್ಕಕ್ಕೆ ಬಂದರೆ, 45 ವ್ಯಾಟಿನ ಫ್ರಿಜ್ ದಿನದ ಅರ್ಧ ಹೊತ್ತು ಓಡಿದರೂ 540 ವ್ಯಾಟ್-ಅವರ್ ಆಗುತ್ತದೆ. ದೀಪ, ಫ್ಯಾನು, ಮೊಬೈಲು ಸೇರಿದರೆ 750 ಎಂದಿಟ್ಟುಕೊಳ್ಳಿ. ನಿಮ್ಮ ಬ್ಯಾಟರಿಯಲ್ಲಿ (12 ವೋಲ್ಟ್ × 150 ಎಎಚ್) 1800 ಇದೆಯೆಂದರೂ, ಲೆಡ್ ಆಸಿಡ್ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಬೆಂಗಳೂರಿನ ಆಸುಪಾಸಿನಲ್ಲಿ ದಿನಕ್ಕೆ ನಾಲ್ಕು ತಾಸಿನ ಪೂರ್ಣ ಬಿಸಿಲು ಹಿಡಿದು, ಕಾಲುಭಾಗ ನಷ್ಟ ಕಳೆದರೆ 330 ವ್ಯಾಟಿನ ಪ್ಯಾನೆಲ್ ಸುಮಾರು 1000 ವ್ಯಾಟ್-ಅವರ್ ಕೊಡುತ್ತದೆ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಾದ್ದರಿಂದ ಚಾವಣಿಯ ಮೇಲೆ ಮಟ್ಟಸವಾಗಿ ಮಲಗಿಸಿದರೂ ಹೆಚ್ಚು ನಷ್ಟವಿಲ್ಲ. ಮಳೆಗಾಲದಲ್ಲಿ ಮಲೆನಾಡಿಗೆ ಹೋಗುವುದಾದರೆ ಮಾತ್ರ ಇದರ ಅರ್ಧವನ್ನೂ ನೆಚ್ಚಬೇಡಿ.

ಪಿಡಬ್ಲ್ಯುಎಂ ವಿಷಯದಲ್ಲಿ ಅಂಗಡಿಯವರ ಮಾತು ಕೇಳಬೇಡಿ. 72 ಸೆಲ್ಲುಗಳ 330 ವ್ಯಾಟ್ ಪ್ಯಾನೆಲ್ ಸುಮಾರು 37 ವೋಲ್ಟಿನಲ್ಲಿ 9 ಆಂಪಿಯರ್ ಕೊಡುತ್ತದೆ. ಪಿಡಬ್ಲ್ಯುಎಂ ಅದನ್ನು ಬ್ಯಾಟರಿಯ 13 ವೋಲ್ಟಿಗೇ ಎಳೆದು ನಿಲ್ಲಿಸುವುದರಿಂದ ನಿಮ್ಮ ಕೈಗೆ ಬರುವುದು 120 ವ್ಯಾಟಿನಷ್ಟು ಮಾತ್ರ. ಉಳಿದದ್ದಕ್ಕೆ ಕೊಟ್ಟ ದುಡ್ಡು ದಂಡ. ಪ್ಯಾನೆಲ್ಲಿನ ಹೆಚ್ಚಿನ ವೋಲ್ಟೇಜನ್ನು ಇಳಿಸಿ ಅದಕ್ಕೆ ತಕ್ಕಂತೆ ಕರೆಂಟು ಏರಿಸಿಕೊಡುವ ಎಂಪಿಪಿಟಿ ಕಂಟ್ರೋಲರನ್ನೇ ಕೊಳ್ಳಿ.

ಹಳೇ ಮಲ್ಟಿಮೀಟರ್:
ಮೇಲಿನ ಲೆಕ್ಕ ಸರಿಯಾಗಿದೆ. ಆದರೆ ನೀವು ಹೊರಟಾಗಲೇ ಬ್ಯಾಟರಿ ಪೂರ್ತಿ ತುಂಬಿರುವುದಿಲ್ಲವೆಂಬ ಅನುಮಾನ ನನಗಿದೆ. ಕಾರಿನ ಬಾನೆಟ್ಟಿನಿಂದ ಟ್ರೈಲರಿನ ಬ್ಯಾಟರಿಗೆ ಏಳು ಮೀಟರ್, ಹೋಗಿ ಬರುವ ದಾರಿ ಹದಿನಾಲ್ಕು ಮೀಟರ್ ಎಂದುಕೊಳ್ಳೋಣ. ಸಾಮಾನ್ಯವಾಗಿ ಹಾಕುವ 2.5 ಸ್ಕ್ವೇರ್ ಎಂಎಂ ತಾಮ್ರದ ತಂತಿಯಲ್ಲಿ ಇಷ್ಟು ದೂರಕ್ಕೆ 0.1 ಓಮ್ ಅಡ್ಡಿಯಿರುವುದರಿಂದ, 10 ಆಂಪಿಯರ್ ಹರಿದಾಗ ಒಂದು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಆಲ್ಟರ್ನೇಟರಿನಲ್ಲಿ 14.2 ಇದ್ದರೆ ಬ್ಯಾಟರಿಯಲ್ಲಿ 13.2. ಸಾಲದ್ದಕ್ಕೆ, ಅನೇಕ ಬಿಎಸ್6 ಗಾಡಿಗಳ ಆಲ್ಟರ್ನೇಟರ್ ಇಂಧನ ಉಳಿಸಲೆಂದು ತಾನಾಗಿಯೇ ವೋಲ್ಟೇಜ್ ಇಳಿಸಿಕೊಳ್ಳುತ್ತದೆ.

ಲೆಡ್ ಆಸಿಡ್ ಬ್ಯಾಟರಿಯ ಕೊನೆಯ ಐದನೇ ಒಂದು ಭಾಗ ತುಂಬಲು 14.4 ವೋಲ್ಟಿನ ಆಸುಪಾಸಿನಲ್ಲಿ ಹಲವು ತಾಸು ಬೇಕು. ಸಕಲೇಶಪುರ ಮುಟ್ಟುವಷ್ಟರಲ್ಲಿ ಕಾರು ಅದನ್ನು ಮಾಡಲಾರದು. ಆದರೆ ಬಿಸಿಲಿನಲ್ಲಿ ನಿಂತ ಪ್ಯಾನೆಲ್‌ಗೆ ಬೇಕಾದಷ್ಟು ಪುರಸತ್ತು ಇರುತ್ತದೆ. ನನ್ನ ದೃಷ್ಟಿಯಲ್ಲಿ ಸೋಲಾರಿನ ದೊಡ್ಡ ಲಾಭ ಇದೇ. ಗಾಡಿ ಮನೆಯ ಮುಂದೆ ವಾರಗಟ್ಟಲೆ ನಿಂತಿದ್ದರೂ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ (ಚಾರ್ಜ್ ಇಲ್ಲದೆ ಬಿಟ್ಟಾಗ ಕೂರುವ ಗಟ್ಟಿ ಪದರ) ಕಟ್ಟುವುದಿಲ್ಲ.

ಯಲಹಂಕದ ಅಲೆಮಾರಿ:
ಇಬ್ಬರಿಗೂ ಧನ್ಯವಾದಗಳು. ಎಂಜಿನ್ ಚಾಲೂ ಇಟ್ಟು ಅಳೆದು ನೋಡಿದೆ: ಕಾರಿನ ಬ್ಯಾಟರಿಯಲ್ಲಿ 14.1, ಟ್ರೈಲರಿನಲ್ಲಿ 13.0. ಹಾಗಾದರೆ ಸೋಲಾರ್ ಬಿಟ್ಟು ತಂತಿಯನ್ನೇ ಬದಲಿಸಿದರೆ ಸಾಕೇ?

ಹಳೇ ಮಲ್ಟಿಮೀಟರ್:
ಅಷ್ಟರಿಂದ ಎರಡನೆಯ ದಿನದ ಫ್ರಿಜ್ ಓಡುವುದಿಲ್ಲ. ಸೋಲಾರ್ ಮೊದಲು ಆಗಲಿ. ಮುಂದೆ ದಪ್ಪ ತಂತಿಯೊಂದಿಗೆ ಟ್ರೈಲರಿನೊಳಗೆ, ಕಾರಿನಿಂದ ಬರುವ ಕಡಿಮೆ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿದರೆ ಕಾರಿನ ಕಡೆಯ ತೊಂದರೆಯೂ ತೀರುತ್ತದೆ.

ಕೆಂಗೇರಿ ಕ್ಯಾಂಪರ್:
ಒಂದು ಮಾತು ಸೇರಿಸುತ್ತೇನೆ. ಕಾಫಿ ತೋಟದ ಸಿಲ್ವರ್ ಓಕ್ ನೆರಳಿನಲ್ಲಿ ಗಾಡಿ ನಿಲ್ಲಿಸುವವರಿಗೆ ಚಾವಣಿಯ ಪ್ಯಾನೆಲ್‌ನಿಂದ ಬರುವುದು ಅಷ್ಟಕ್ಕಷ್ಟೇ, ಏಕೆಂದರೆ ಒಂದು ಕೊಂಬೆಯ ನೆರಳು ಬಿದ್ದರೂ ಉತ್ಪಾದನೆ ತೀರ ಕುಸಿಯುತ್ತದೆ. ನಾನಾಗಿದ್ದರೆ ಚಾವಣಿಗೆ 165 ವ್ಯಾಟಿನದೊಂದು, ಬಿಸಿಲಿದ್ದಲ್ಲಿಗೆ ಎತ್ತಿಕೊಂಡು ಹೋಗಿಡಲು ಅದೇ ವೋಲ್ಟೇಜಿನ ಇನ್ನೊಂದು ತೆಗೆದುಕೊಂಡು, ಎರಡನ್ನೂ ಪ್ಯಾರಲಲ್ ಆಗಿ ಜೋಡಿಸುತ್ತಿದ್ದೆ. ಚಾವಣಿಗೆ ಬೀಳುವ ಭಾರವೂ ಕಡಿಮೆಯಾಗುತ್ತದೆ. ಪ್ಯಾನೆಲ್ಲಿನ ಕೆಳಗೆ ಎರಡು ಬೆರಳಿನಷ್ಟಾದರೂ ಗಾಳಿಯಾಡಲು ಸಂದಿ ಬಿಡಿಸಿ; ಕಾದಷ್ಟೂ ವೋಲ್ಟೇಜ್ ಬೀಳುತ್ತದೆ.

30 ಆಂಪಿಯರ್ ಕಂಟ್ರೋಲರ್ ಆದರೆ ಬ್ಯಾಟರಿಗೆ 10 ಸ್ಕ್ವೇರ್ ಎಂಎಂ ತಂತಿ ಎಳೆಸಿ, 40 ಆಂಪಿಯರ್ ಫ್ಯೂಸನ್ನು ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೇ ಕೂರಿಸಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಟ್ಯೂಬುಲರ್ ಬ್ಯಾಟರಿ ಪೂರ್ತಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಇನ್ನು ಮುಂದೆ ಅದು ದಿನವೂ ಪೂರ್ತಿ ಚಾರ್ಜ್ ಆಗುವುದರಿಂದ, ಈಗ ಮಂಚದ ಕೆಳಗಿದ್ದರೆ ಹೊರಗೆ ಗಾಳಿ ಹೋಗುವ ಪೆಟ್ಟಿಗೆಯೊಳಗೆ ಇಡಿಸಿ, ಡಿಸ್ಟಿಲ್ಡ್ ವಾಟರಿನ ಮಟ್ಟವನ್ನೂ ಮೊದಲಿಗಿಂತ ಬೇಗ ಬೇಗ ನೋಡುತ್ತಿರಿ.