ಮಹಿ ಮಹಿ ಮೀನಿಗೆ ಗಾಳ ಹಾಕುವುದು ಹೇಗೆ?

ಪ್ರಶ್ನೆ (ಮೈಸೂರು): ಇದುವರೆಗೆ ಮಂಡ್ಯ ಸೀಮೆಯ ಕೆರೆಗಳಲ್ಲಿ ಕಾಟ್ಲಾ, ರೋಹುಗಳಿಗೆ ಗಾಳ ಹಾಕಿ ಅಭ್ಯಾಸವಿರುವ ನಾನು, ಮಲ್ಪೆಯ ಕಡೆಯಿಂದ ದೋಣಿಯಲ್ಲಿ ಹೋಗಿ ಮಹಿ ಮಹಿ ಹಿಡಿಯಬೇಕೆಂದಿದ್ದೇನೆ. ಅದನ್ನು ಎಲ್ಲಿ ಹುಡುಕಬೇಕು, ಯಾವಾಗ ಹೋಗಬೇಕು?

ಉತ್ತರ 1 (ಮಂಡ್ಯ): ಕೆರೆಯ ದಡದಲ್ಲಿ ಬೆಂಡು ನೋಡುತ್ತಾ ಕೂರುವ ತಾಳ್ಮೆ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಇದು ಆಳ ಸಮುದ್ರದ ಮೇಲ್ಪದರದಲ್ಲಿ ಅಲೆಯುವ ಮೀನಾದ್ದರಿಂದ, ತೇಲುವ ಮರದ ದಿಮ್ಮಿ, ಕಡಲಕಳೆಯ ರಾಶಿ ಅಥವಾ ಎರಡು ಪ್ರವಾಹಗಳು ಕೂಡುವ ಗೆರೆಯನ್ನು ಕಣ್ಣಿನಿಂದಲೇ ಹುಡುಕಿ, ಅದರ ಅಂಚಿನಲ್ಲಿ ದೋಣಿಯನ್ನು ಓಡಿಸುತ್ತಾ ಹಿಂದೆ ಕೃತಕ ಎರೆಯನ್ನು ಎಳೆಯಬೇಕು. ಹಾರುಮೀನು ಮತ್ತು ಬೊಂಡಾಸ್ (ಸ್ಕ್ವಿಡ್) ಅದರ ಪ್ರಿಯ ಆಹಾರ. ಗುಂಪಿನಲ್ಲಿ ಒಂದು ಸಿಕ್ಕರೆ ತಕ್ಷಣ ಮೇಲೆತ್ತದೆ ನೀರಿನಲ್ಲೇ ಇರಿಸಿಕೊಳ್ಳಿ. ಉಳಿದವು ಅದರ ಸುತ್ತಲೇ ಸುಳಿಯುತ್ತವೆ. ಹಣೆ ಗೋಡೆಯಂತೆ ನೆಟ್ಟಗಿದ್ದರೆ ಅದು ಗಂಡು. ಜೂನ್ ಮತ್ತು ಜುಲೈ ತಿಂಗಳುಗಳ ಮಳೆಗಾಲದ ಕಡಲನ್ನಂತೂ ಬಿಟ್ಟುಬಿಡಿ.

ಉತ್ತರ 2 (ಮೈಸೂರು): ಇಂಗ್ಲಿಷಿನಲ್ಲಿ ಇದನ್ನು ಡಾಲ್ಫಿನ್ ಫಿಶ್ ಎನ್ನುತ್ತಾರೆಂದು ಗಾಬರಿಯಾಗಬೇಡಿ, ಸಸ್ತನಿಯಾದ ಡಾಲ್ಫಿನ್‌ಗೂ ಇದಕ್ಕೂ ಸಂಬಂಧವಿಲ್ಲ. ನೀರಿನಲ್ಲಿ ಹೊನ್ನು, ಹಸಿರು, ನೀಲಿಯಾಗಿ ಹೊಳೆಯುವ ಮೈ, ಸತ್ತ ಕೆಲವೇ ನಿಮಿಷಗಳಲ್ಲಿ ಬೂದು ಬಣ್ಣಕ್ಕೆ ತಿರುಗುವುದನ್ನು ನೋಡುವಾಗ ಮಾತ್ರ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಗುತ್ತದೆ. ಹಿಡಿದ ಕೂಡಲೇ ರಕ್ತ ಬಸಿದು ಮಂಜುಗಡ್ಡೆಯಲ್ಲಿ ಹೂಳಿರಿ. ಬಿಸಿಲಿನಲ್ಲಿ ಬಿಟ್ಟರೆ ಮಾಂಸದಲ್ಲಿ ತಿಂದವರಿಗೆ ಅಲರ್ಜಿಯಂಥ ತೊಂದರೆ ತರುವ ಹಿಸ್ಟಮೈನ್ ಎಂಬ ರಾಸಾಯನಿಕ ಸೇರಿಕೊಳ್ಳುತ್ತದೆ, ಅದು ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಮೈಸೂರಿನವರೆಗೆ ತರುವುದಾದರೆ ದಾರಿಯಲ್ಲಿ ಮಂಜುಗಡ್ಡೆ ಬದಲಿಸಲೇಬೇಕು.

ಪ್ರಶ್ನೆ ಕೇಳಿದವರು: ಹಾಗಾದರೆ ಡಿಸೆಂಬರಿನಲ್ಲಿ ಹೊರಡುತ್ತೇನೆ, ದೊಡ್ಡ ಮಂಜುಗಡ್ಡೆ ಪೆಟ್ಟಿಗೆಯೊಂದಿಗೆ.