ಪಾಪ್-ಪಂಕ್ ರಿದಮ್ ಟೋನ್: ಆಂಪ್ ತಂತ್ರಜ್ಞರನ್ನು ಕೇಳಿ

ಮೈಸೂರು: ಸರ್, ಗ್ರೀನ್ ಡೇ, ಬ್ಲಿಂಕ್-182 ತಂಡಗಳ ರಿದಮ್ ಗಿಟಾರಿನ ನಾದ ಬೇಕು. ಆಂಪಿನ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಗೇನ್, ಅಂದರೆ ನಾದಕ್ಕೆ ಒಡಕು ತರುವ ಗುಂಡಿ, 10ಕ್ಕೆ ಇಟ್ಟಿದ್ದೇನೆ. ಕೋಣೆಯಲ್ಲಿ ಚೆನ್ನಾಗಿದೆ, ಡ್ರಮ್ಸ್ ಶುರುವಾದರೆ ಗಿಟಾರ್ ಕೇಳಿಸುವುದೇ ಇಲ್ಲ.

ತಂತ್ರಜ್ಞ: ಬ್ರಿಡ್ಜ್ (ತಂತಿಗಳ ಕೆಳತುದಿ ಕೂರುವ ಲೋಹದ ಭಾಗ) ಬಳಿಯ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ), ಗೇನ್ 5, ಬಾಸ್ (ತಗ್ಗು ನಾದ) 4, ಮಿಡ್ (ನಡು ನಾದ) 7, ಟ್ರೆಬಲ್ (ಎತ್ತರದ ನಾದ) 6ರಿಂದ ಆರಂಭಿಸಿ. ಪವರ್ ಕಾರ್ಡಿನ (ಒಟ್ಟಿಗೆ ನುಡಿಸುವ ಎರಡು ಸ್ವರ) ಎರಡೂ ಸ್ವರಗಳು ಬಿಡಿಬಿಡಿಯಾಗಿ ಕಿವಿಗೆ ಬೀಳುವವರೆಗೆ ಗೇನ್ ಇಳಿಸಿ. ಧ್ವನಿಮುದ್ರಣದಲ್ಲಿ ಕೇಳುವ ಆ ದಪ್ಪ ನಾದ ಒಂದು ಗಿಟಾರಿನದಲ್ಲ. ಒಂದೇ ಭಾಗವನ್ನು ಎರಡು ಸಲ ನುಡಿಸಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಡುತ್ತಾರೆ. ಒಂದನ್ನೇ ನಕಲು ಮಾಡಿ ಇಟ್ಟರೆ ಆಗದು.

ತುಮಕೂರು: ವಾಟ್ಸಾಪ್‌ನಲ್ಲಿ ಬಂದಿದೆ: ಮಿಡ್ 0, ಬಾಸ್ 10, ಟ್ರೆಬಲ್ 10. ಸರಿಯೇ?

ತಂತ್ರಜ್ಞ: ತಪ್ಪು. ಗಿಟಾರ್ ಇರುವುದೇ ಮಿಡ್‌ನಲ್ಲಿ. ಅದನ್ನು ತೆಗೆದರೆ ಕೆಳಗಿನದನ್ನು ಬಾಸ್ ಗಿಟಾರ್, ಮೇಲಿನದನ್ನು ಸಿಂಬಲ್ ನುಂಗುತ್ತವೆ.

ಹುಬ್ಬಳ್ಳಿ: ಗೇನ್ ಎಷ್ಟಿಡಬೇಕು ಸರ್?

ತಂತ್ರಜ್ಞ: ಮೇಲೆ ಬರೆದಿದ್ದೇನೆ.

ಶಿವಮೊಗ್ಗ: ನನ್ನ ಆಂಪ್ ಗುಂಯ್ ಎನ್ನುತ್ತಿತ್ತು. ಪ್ಲಗ್ಗಿನ ದಪ್ಪ ಪಿನ್ ಕತ್ತರಿಸಿ ಎಂಬ ಸಂದೇಶ ಬಂತು, ಕತ್ತರಿಸಿದೆ. ಸದ್ದು ತಗ್ಗಿದೆ. ಆದರೆ ನುಡಿಸುತ್ತ ಹಾಡುವಾಗ ಮೈಕ್ ತಾಗಿದರೆ ತುಟಿ ಜುಮ್ಮೆನ್ನುತ್ತದೆ.

ತಂತ್ರಜ್ಞ: ಮೊದಲು ಪ್ಲಗ್ ತೆಗೆಯಿರಿ, ಆಮೇಲೆ ಮುಂದೆ ಓದಿ. ಆ ದಪ್ಪ ಪಿನ್ ಅರ್ಥಿಂಗ್. ಗಿಟಾರಿನ ತಂತಿಗಳು ಬ್ರಿಡ್ಜ್ ಮತ್ತು ಕೇಬಲ್ ಮೂಲಕ ಆಂಪಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಪಿನ್ ಇಲ್ಲದಿದ್ದರೆ ಆ ಚೌಕಟ್ಟಿಗೆ ಸೋರಿದ ವಿದ್ಯುತ್ತಿಗೆ ಹೋಗಲು ದಾರಿಯಿಲ್ಲ. ಮೈಕ್ ಸೌಂಡ್ ಮಿಕ್ಸರ್ ಮೂಲಕ ಭೂಮಿಗೆ ಸೇರಿದೆ. ನಡುವಿನ ದಾರಿ ನಿಮ್ಮ ಕೈ, ಎದೆ, ತುಟಿ. ಈಗ ಸೋರುತ್ತಿರುವುದು ಅಲ್ಪ. ಒಳಗೆ ಒಂದು ವೈರಿನ ಹೊದಿಕೆ ಹರಿದರೆ ಪೂರ್ತಿ 230 ವೋಲ್ಟ್ ಗಿಟಾರಿನ ತಂತಿಗೆ ಬರಬಹುದು. ಇಂತಹ ಸಂದೇಶವನ್ನು ಇನ್ನೊಬ್ಬರಿಗೆ ಕಳಿಸುವವರು ಯಾರೇ ಇರಲಿ, ದಯವಿಟ್ಟು ನಿಲ್ಲಿಸಿ.

ಹೊಸ ಮೂರು ಪಿನ್ನಿನ ಪ್ಲಗ್ ಹಾಕಿಸಿ. ಸಾಕೆಟ್ಟಿಗೆ ಅರ್ಥಿಂಗ್ ನಿಜವಾಗಿಯೂ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಆಂಪ್, ಮಿಕ್ಸರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ. ಬಳಿಕ ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿ ನೋಡಿ. ಗುಂಯ್ ನಿಂತರೆ ಅದು ಗಿಟಾರಿನಿಂದ ಬರುತ್ತಿದೆ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಆಗಿದ್ದರೆ ನಿಂತಲ್ಲೇ ಸ್ವಲ್ಪ ತಿರುಗಿ; ಒಂದು ದಿಕ್ಕಿನಲ್ಲಿ ಸದ್ದು ಇಳಿಯುತ್ತದೆ.

ಮಂಗಳೂರು: ಅದಕ್ಕೇ ಹಂಬಕರ್ (ಗುಂಯ್ ಅಡಗಿಸುವ ಎರಡು ಸುರುಳಿಯ ಪಿಕಪ್) ಬೇಕು. 2001ರಲ್ಲಿ ಫೆಂಡರ್ ಕಂಪನಿ ತಂದ, ಬ್ಲಿಂಕ್-182ರ ಟಾಮ್ ಡಿಲಾಂಗ್ ಹೆಸರಿನ ಸ್ಟ್ರಾಟ್ ಗಿಟಾರ್‌ನಲ್ಲಿ ಇದ್ದದ್ದು ಒಂದು ಹಂಬಕರ್, ಒಂದು ವಾಲ್ಯೂಮ್ ನಾಬ್. ಅಷ್ಟು ಸಾಕು.

ಧಾರವಾಡ: ಪಿಕಪ್ ಬದಲಿಸಿದರೆ ಕೈ ಬದಲಾಗುವುದೇ? ಅಂಗೈ ಅಂಚನ್ನು ಬ್ರಿಡ್ಜ್ ಮೇಲಿಟ್ಟು ಬರೀ ಕೆಳಮುಖವಾಗಿ ಮೀಟಲು ಕಲಿಯಲಿ.

ಮಂಗಳೂರು: ನಿಮ್ಮನ್ನು ಯಾರೂ ಕೇಳಲಿಲ್ಲ.

ಧಾರವಾಡ: ನಿಮ್ಮನ್ನೂ ಕೇಳಿರಲಿಲ್ಲ. ವಾಲ್ವ್ ಆಂಪ್ (ಗಾಜಿನ ನಿರ್ವಾತ ಕೊಳವೆಗಳ ಆಂಪ್) ಇಲ್ಲದೆ ಈ ನಾದ ಬರದು ಎಂದು ಹೋದ ವಾರ ವಾದಿಸಿದವರೂ ನೀವೇ.

ಕಲಬುರಗಿ: 10 ಗೇಜ್ (ದಪ್ಪ) ತಂತಿಯೋ, 11 ಗೇಜೋ?

ಮಂಗಳೂರು: ಧಾರವಾಡದವರೇ, ಮಾಡೆಲಿಂಗ್ ಪೆಡಲನ್ನು (ಆಂಪಿನ ನಾದವನ್ನು ಅನುಕರಿಸುವ ಸಾಧನ) ವಾಲ್ವ್ ಆಂಪಿನ ಸ್ಪೀಕರ್ ಕ್ಯಾಬಿನೆಟ್ ಜೊತೆ ಹೋಲಿಸಿ ಕೇಳಿ ನೋಡಿ, ಆಮೇಲೆ ಮಾತನಾಡಿ.

ತುಮಕೂರು: ವಾಲ್ವ್ ಆಂಪನ್ನು ಸ್ಪೀಕರ್ ಕಳಚಿ ಓಡಿಸಿದರೆ ನೆರೆಯವರಿಗೆ ತೊಂದರೆಯಿಲ್ಲ ಎಂದು ಒಂದು ವಿಡಿಯೋ ಬಂದಿದೆ.

ತಂತ್ರಜ್ಞ: ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಬಂದದ್ದನ್ನೆಲ್ಲ ಇಲ್ಲಿ ಸುರಿಯಬೇಡಿ.

ಹುಬ್ಬಳ್ಳಿ: ಗೇನ್ ಎಷ್ಟು ಎಂದು ಹೇಳಲೇ ಇಲ್ಲ.

ತಂತ್ರಜ್ಞ: ಶಿವಮೊಗ್ಗದವರೇ, ಪ್ಲಗ್ ಬದಲಿಸಿದಿರಾ? ಉತ್ತರಿಸಿ.

ಶಿವಮೊಗ್ಗ: ಈಗಷ್ಟೇ ಹಾಕಿಸಿದೆ ಸರ್. ತುಟಿ ಜುಮ್ಮೆನ್ನುವುದಿಲ್ಲ. ಗುಂಯ್ ಮತ್ತೆ ಬಂದಿದೆ, ಗಿಟಾರ್ ವಾಲ್ಯೂಮ್ ಇಳಿಸಿದರೆ ನಿಲ್ಲುತ್ತದೆ.

ತಂತ್ರಜ್ಞ: ಗೇನ್ ಎಷ್ಟಿದೆ?

ಶಿವಮೊಗ್ಗ: 9.

ತಂತ್ರಜ್ಞ: 5ಕ್ಕೆ ಇಳಿಸಿ ನೋಡಿ ಹೇಳಿ. ಸಾಕೆಟ್ಟಿನ ಅರ್ಥಿಂಗ್ ನಾಳೆಯೇ ನೋಡಿಸಿ.