ಶೆಲ್ ಸ್ಕ್ರಿಪ್ಟಿನ ‘ಸ್ಲೀಪ್’ಗೆ ಯಾವ ಪದ? (ನಾಳೆಗೇ ಬೇಕು)

ಉಡುಪಿಯಲ್ಲಿ ಪಿಯುಸಿ ಮಕ್ಕಳಿಗಾಗಿ ಶೆಲ್ ಸ್ಕ್ರಿಪ್ಟಿನ (ಕಂಪ್ಯೂಟರ್ ಒಂದೊಂದೇ ಸಾಲಾಗಿ ನಡೆಸುವ ಕಮಾಂಡುಗಳ ಪಟ್ಟಿ) ಕೈಪಿಡಿ ಮಾಡುತ್ತಿದ್ದೇವೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು. ‘ಸ್ಲೀಪ್ 10’ ಅಂತ ಬರೆದರೆ ಸ್ಕ್ರಿಪ್ಟ್ ಹತ್ತು ಸೆಕೆಂಡ್ ಸುಮ್ನಿದ್ದು ಮುಂದಿನ ಸಾಲಿಗೆ ಹೋಗುತ್ತದೆ. ಕಮಾಂಡ್ ಹಾಗೇ ಇರಲಿ, ವಿವರಣೆಗೆ ಕ್ರಿಯಾಪದ ಬೇಕು. ‘ವಿಳಂಬಿಸು’ ರೈಲ್ವೆ ಸ್ಟೇಷನ್ನಿನ ಘೋಷಣೆಯ ಹಾಗಿದೆ. ‘ನಿದ್ರಿಸು’ ಅಂದರೆ ಮಕ್ಕಳು ನಗುತ್ತಾರೆ. ‘ನಿಲ್ಲು’, ‘ಕಾಯು’ ಆಗಬಹುದಾ?

* * *

ಎರಡೂ ಬೇಡ. ಕಂಟ್ರೋಲ್-ಝಡ್ ಒತ್ತಿದರೆ ಆಗುವುದು ನಿಲ್ಲುವುದು. ಯಾರಾದರೂ ಹೊರಡಿಸುವ ತನಕ ಅದು ಅಲ್ಲೇ. ‘ಕಾಯು’ವನ್ನು ‘ವೇಟ್’ ಕಮಾಂಡಿಗೆ ಬಿಡಿ. ಅದು ಹಿನ್ನೆಲೆಗೆ ಕಳಿಸಿದ ಕೆಲಸ ಮುಗಿಯಲಿ ಅಂತ ಕಾಯುತ್ತದೆ. ಸ್ಲೀಪ್ ಯಾರನ್ನೂ ಕಾಯುವುದಿಲ್ಲ, ಹೊತ್ತು ಕಳೆದರೆ ಸಾಕು. ‘10 ಸೆಕೆಂಡ್ ತಾಳುತ್ತದೆ’ ಅಂತ ಹಾಕಿ.

* * *

ತಾಳು ಅಂದರೆ ಹೊರು, ಧರಿಸು, ಸಹಿಸು. ರೂಪ ತಾಳು, ನೋವು ತಾಳು. 1894ರಲ್ಲಿ ಇದೇ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಯಾರ ಮನೆಯಲ್ಲೂ ಇಲ್ವಾ? ಸ್ಕ್ರಿಪ್ಟ್ ಏನನ್ನು ಹೊತ್ತುಕೊಂಡಿದೆ? ‘ತಂಗು’ ಸರಿ. ಬಸ್ ತಂಗುದಾಣ ಅಂತ ಬೋರ್ಡೇ ಉಂಟು. ಮತ್ತೆ ‘ಸೆಕೆಂಡ್’ ಯಾಕೆ? ‘ಕ್ಷಣ’ ಇಲ್ವಾ?

* * *

ತಂಗುದಾಣ ಬೋರ್ಡಿನಲ್ಲಿ ಮಾತ್ರ ಇರುವ ಪದ. ಯಾವ ಕಂಡಕ್ಟರ್ ‘ಸ್ವಲ್ಪ ತಂಗಿ’ ಅಂದಿದ್ದಾನೆ? ಅಂದರೆ ಪೆಟ್ಟು ತಿಂದಾನು. ‘ಸ್ವಲ್ಪ ತಾಳಿ ಮಾರಾಯ್ರೆ’ ಅಂತ ದಿನಾ ಕೇಳುತ್ತೇವೆ. ಅಲ್ಲಿ ಯಾರೂ ಏನನ್ನೂ ಹೊರುವುದಿಲ್ಲ.

ಕ್ಷಣ ಸಂಸ್ಕೃತದ್ದು, ಅದೂ ಸಾಲವೇ. ಜೊತೆಗೆ ಅಳತೆ ಇಲ್ಲದ್ದು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಇರುವ ಗ್ನೂ ಸ್ಲೀಪ್‌ಗೆ 0.5 ಕೊಟ್ಟರೂ ನಡೆಯುತ್ತದೆ. ‘ಅರ್ಧ ಕ್ಷಣ’ ಅಂತ ಬರೆಯುತ್ತೀರಾ? ಸೆಕೆಂಡಿಗೆ ಮುನಿಸಿಕೊಳ್ಳುವವರು ಮನೆಯ ಚಾವಿಯನ್ನು ಪೋರ್ಚುಗೀಸರಿಗೆ ವಾಪಸ್ ಕೊಟ್ಟು ಬನ್ನಿ.

* * *

‘ತಾಳಿ’ಗೂ ಬೇರೆ ಅರ್ಥ ಉಂಟು, ಅದನ್ನು ಮರೆತಿರಿ. ಚಾವಿ ನಾನು ಹೇಳುವುದೇ ಇಲ್ಲ, ಬೀಗದ ಕೈ ಅನ್ನುತ್ತೇನೆ. ಇಲ್ಲದ್ದಕ್ಕೆ ಸಾಲ ಸರಿ. ಇದ್ದೂ ಸಾಲ ಮಾಡುವುದು ದುಂದು.

* * *

‘ವಾಪಸ್’ ಫಾರಸಿ. ಅದಕ್ಕೆ ಯಾಕೆ ಯಾರೂ ಸಿಟ್ಟಾಗಲಿಲ್ಲ?

* * *

‘10 ಸೆಕೆಂಡ್ ತಾಳಿ ಮುಂದಿನ ಸಾಲಿಗೆ ಹೋಗುತ್ತದೆ’ ಅಂತ ಹಾಕಿದೆ. ‘ರೀಡ್’ ಕಮಾಂಡ್ ಕೂಡ ಇದೆ, ಬಳಸುವವರು ಎಂಟರ್ ಒತ್ತುವ ತನಕ ಸ್ಕ್ರಿಪ್ಟ್ ಮುಂದೆ ಹೋಗುವುದಿಲ್ಲ. ಅಲ್ಲಿ ‘ಕಾಯು’ ಸರಿ ಅಲ್ವಾ?

* * *

ಸರಿ. ಎಂಟರ್ ಕೀಗೆ ‘ನಮೂದಿಸು’ ಅಂತ ಮಾತ್ರ ಹಾಕಬೇಡಿ, ದಮ್ಮಯ್ಯ.